ಬೀದರಿಗೆ ಬಂದ ಗರೀಬ

ದೂರದ ಊರನ್ನು ಕುರಿತು ಬರೆಯುವುದು ಸುಲಭವೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಹಿಮ ಕವಿದ ಶಿಖರ, ಕಲ್ಲಿನ ಮನೆ, ಕುರಿಮಂದೆ, ಅತಿಥಿಗೆ ರೊಟ್ಟಿ ಮುರಿದು ಕೊಡುವ ಮುದುಕ, ಇಷ್ಟನ್ನು ಹೊಂದಿಸಿದರೆ ಕಾಕಸಸ್ ಪರ್ವತದ ಯಾವುದೋ ಮೂಲೆಯ ಪ್ರವಾಸಕಥನ ಸಿದ್ಧವಾಯಿತು. ಊರಿನ ಹೆಸರನ್ನು ಬದಲಿಸಿದರೂ ಬರಹ ಕೆಡುವುದಿಲ್ಲ. ಅದೇ ಅದರ ದೊಡ್ಡ ಕೊರತೆ. ಇಂಥ ಬರಹಗಳನ್ನು ತಿಕ್ಕಿ ನೋಡಲು ಒಂದು ಒರೆಗಲ್ಲು ಬೇಕು. ಕಾಕಸಸ್ಸಿನ ಸೆರಗನ್ನು ಹಾದು ನಮ್ಮ ಬೀದರಿಗೇ ಬಂದ ಒಬ್ಬ ಪ್ರವಾಸಿಯ ಪುಸ್ತಕ ಅಂಥ ಒರೆಗಲ್ಲಾಗಬಲ್ಲುದು.

ಆತ ರಷ್ಯದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್. ಅವನ ಪುಸ್ತಕದ ಹೆಸರು 'ಮೂರು ಕಡಲಾಚೆಯ ಪ್ರಯಾಣ'. ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಅದಕ್ಕೆ ಕಾಲು ಶತಮಾನಕ್ಕೂ ಮೊದಲೇ ಈ ವರ್ತಕ ಬೀದರಿನ ಬೀದಿಯಲ್ಲಿ ಕುದುರೆ ಹಿಡಿದು ನಿಂತಿದ್ದ. ಅವನ ಕೈಬರಹ 1475ರಲ್ಲಿ ಮಾಸ್ಕೋ ಸೇರಿತು. ಆತ ಸೇರಲಿಲ್ಲ, ಸ್ಮೊಲೆನ್ಸ್ಕ್ ತಲುಪುವ ಮುನ್ನವೇ ದಾರಿಯಲ್ಲಿ ತೀರಿಕೊಂಡ. 1857ರಲ್ಲಿ ಇಂಗ್ಲಿಷಿಗೆ ಬಂದ ಮೇಲೆ ಪುಸ್ತಕ ನಮ್ಮಂಥವರ ಕೈಗೂ ಎಟುಕಿತು. 1957ರಲ್ಲಿ ಇವನ ಕಥೆಯನ್ನೇ 'ಪರದೇಸಿ' ಎಂಬ ಚಲನಚಿತ್ರವಾಗಿ ಮಾಡಿ ಅದಕ್ಕೊಂದು ಪ್ರೇಮಪ್ರಸಂಗವನ್ನು ಸೇರಿಸಿದರು. ಪುಸ್ತಕದಲ್ಲಿ ಆ ಪ್ರೇಮವಿಲ್ಲ. ಇರುವುದು ಸಾಲದ ಭಯ, ಸರಕಿನ ಬೆಲೆ, ಪರದೇಶದ ಒಂಟಿತನ.

ಕಾಕಸಸ್ಸಿಗೆ ನಿಕಿತಿನ್ ಕೊಟ್ಟಿರುವುದು ಕೆಲವೇ ಸಾಲು. ವೋಲ್ಗಾ ನದಿಯ ಮುಖದಲ್ಲಿ ತಾತಾರರು ಸುಲಿಗೆ ಮಾಡಿದರು. ಮುಂದೆ ಕ್ಯಾಸ್ಪಿಯನ್ ಕಡಲಿನಲ್ಲಿ ಬಿರುಗಾಳಿಯೆದ್ದು ಒಂದು ಹಡಗು ದಡಕ್ಕೆ ಬಡಿದು ಒಡೆಯಿತು. ಅದರಲ್ಲಿದ್ದವರನ್ನು ಕೈತಾಗ್ ಎಂಬ ಬೆಟ್ಟದ ನಾಡಿನವರು ಸೆರೆಹಿಡಿದರು. ಅರಿಕೆಯ ಮೇಲೆ ಅರಿಕೆ ಮಾಡಿಕೊಂಡು ಅವರನ್ನು ಬಿಡಿಸಿಕೊಂಡದ್ದಾಯಿತು. ಊರಿಗೆ ಮರಳಲು ಖರ್ಚು ಕೊಡಿರೆಂದು ಶಿರ್ವಾನಿನ ದೊರೆಯನ್ನು ಬೇಡಿದರೆ, ನೀವು ಬಹಳ ಮಂದಿ ಎಂದು ಅವನು ಕೈಯಾಡಿಸಿಬಿಟ್ಟ. ಎಲ್ಲರೂ ಅತ್ತು ಚದುರಿದರು. ಊರಿನಲ್ಲಿ ಏನಾದರೂ ಇದ್ದವರು ಊರಿಗೆ ಹೋದರು. ಸಾಲವಿದ್ದವರು ಕಾಲು ಕರೆದತ್ತ ನಡೆದರು. ನಿಕಿತಿನ್ ದೆರ್ಬೆಂತಿಗೆ, ಅಲ್ಲಿಂದ ಆರದ ಬೆಂಕಿಯ ಬಾಕುವಿಗೆ ಹೋದ.

ಇಲ್ಲಿ ಶಿಖರದ ವರ್ಣನೆಯಿಲ್ಲ, ನಿಸರ್ಗದ ಸೊಬಗಿಲ್ಲ. ಹಾಗೆಂದು ಇದನ್ನು ದೋಷವೆನ್ನಲಾಗದು. ಹಾದು ಹೋದವನು ಹಾದು ಹೋದಷ್ಟನ್ನೇ ಹೇಳಿದ್ದಾನೆ. ಕಾಣದ ಬೆಟ್ಟವನ್ನು ಕಂಡಂತೆ ಬರೆದಿಲ್ಲ. ಬರಹಗಾರನ ಪ್ರಾಮಾಣಿಕತೆಗೆ ಇದೂ ಒಂದು ಲಕ್ಷಣ.

ಬೀದರಿಗೆ ಬಂದೊಡನೆ ಬರಹದ ನಡಿಗೆಯೇ ಬೇರೆಯಾಗುತ್ತದೆ. ಕಾರಣ, ಇಲ್ಲಿ ಆತ ತಿಂಗಳುಗಟ್ಟಲೆ ಬಾಳಿದ. ಮೂರನೆಯ ಮುಹಮ್ಮದ್ ಶಾಹನ ಕಾಲ. ಮಂತ್ರಿ ಮಹಮೂದ್ ಗವಾನ್. ಇಂದಿನ ಪ್ರವಾಸಿ ಮೊದಲು ಓಡುವುದು ಗವಾನನು 1472ರಲ್ಲಿ ಕಟ್ಟಿಸಿದ ಮದರಸಾದ ಕಡೆಗೆ. ಆ ಕಟ್ಟಡದ ಮಾತೇ ಇವನ ಪುಸ್ತಕದಲ್ಲಿಲ್ಲ. ಕುದುರೆಗೆ ಕಡಲೆ ಹಾಕುತ್ತಾರೆ, ಸಕ್ಕರೆ ಎಣ್ಣೆ ಬೆರೆಸಿ ಕಿಚಡಿ ಬೇಯಿಸಿ ತಿನ್ನಿಸುತ್ತಾರೆ ಎಂಬುದಿದೆ. ಅರಮನೆಯ ಏಳು ಬಾಗಿಲುಗಳಲ್ಲಿ ಕುಳಿತು, ಒಳಗೆ ಹೋದವರು ಯಾರು ಹೊರಗೆ ಬಂದವರು ಯಾರು ಎಂದು ಬರೆದಿಡುವ ಕರಣಿಕರಿದ್ದಾರೆ. ಬೆಳ್ಳಿಯ ಪಲ್ಲಕ್ಕಿಯಲ್ಲಿ ಸರದಾರರು ಸಾಗುವುದನ್ನೂ ಹಳ್ಳಿಯ ಜನ ಬಡತನದಲ್ಲಿ ಬೇಯುವುದನ್ನೂ ಆತ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಯಾವ ಆಸ್ಥಾನಕವಿ ಹೀಗೆ ಹೇಳಿಯಾನು?

ಪುಸ್ತಕದ ಮರ್ಮವಿರುವುದು ಇನ್ನೊಂದು ಕಡೆ. ಇಲ್ಲಿ ಖೋಜಾ ಯೂಸುಫ್ ಖುರಾಸಾನಿ ಎಂಬ ಹೆಸರಿಟ್ಟುಕೊಂಡಿದ್ದ ಈತ, ತಾನು ಮುಸಲ್ಮಾನನಲ್ಲ, ಕ್ರೈಸ್ತ ಎಂದು ಹಿಂದೂ ಪರಿಚಿತರಿಗೆ ತಿಳಿಸಿದ. ಆಮೇಲೆ ಅವರು ತಮ್ಮ ಊಟ, ವ್ಯಾಪಾರ, ಪೂಜೆ, ಮನೆಯ ಹೆಂಗಸರು, ಒಂದನ್ನೂ ಇವನಿಂದ ಮರೆಮಾಡಲಿಲ್ಲವಂತೆ. ಊರು ತನ್ನನ್ನು ತೋರಬೇಕಾದರೆ ಬಂದವನು ಮೊದಲು ತನ್ನನ್ನು ತೋರಬೇಕು. ಪ್ರವಾಸ ಸಾಹಿತ್ಯಕ್ಕೆ ಇದಕ್ಕಿಂತ ದೊಡ್ಡ ಸೂತ್ರ ನನಗೆ ತಿಳಿಯದು. ಆ ಜನರೊಡನೆಯೇ ಆತ ಶಿವರಾತ್ರಿಗೆ ಶ್ರೀಶೈಲಕ್ಕೂ ಹೋಗಿಬಂದ. ಆ ಕ್ಷೇತ್ರಕ್ಕೆ ಅವನು ಬರೆದ ಹೆಸರು 'ಪರ್ವತ'. ಮಲ್ಲಯ್ಯನ ಭಕ್ತರ ಬಾಯಲ್ಲಿ ಇಂದಿಗೂ ಇರುವ ಹೆಸರು ಅದೇ ಅಲ್ಲವೆ?

ಕೊರತೆಗಳೂ ಉಂಟು. ಕಾಣದ ದೇಶಗಳ ವಿಷಯದಲ್ಲಿ ಕೇಳಿದ್ದನ್ನೆಲ್ಲ ನಂಬುತ್ತಾನೆ. ಸೈನ್ಯದ ಸಂಖ್ಯೆಗಳು ಉಬ್ಬಿವೆ. ಹೆಣ್ಣಿನ ವಿಷಯದಲ್ಲಿ ಅವನ ಕಣ್ಣು ವರ್ತಕನ ಕಣ್ಣು. ಅಲ್ಲಿಯೂ ಬೆಲೆಯ ಮಾತೇ. ಇಲ್ಲಿ 84 ಮತಗಳಿವೆ ಎನ್ನುತ್ತಾನೆ. 84 ಲಕ್ಷ ಯೋನಿಗಳ ಲೆಕ್ಕವನ್ನು ಬಲ್ಲ ನಮಗೆ ಇದು ಎಣಿಸಿದ ಸಂಖ್ಯೆಯಲ್ಲ, ಯಾರದೋ ಜಗಲಿಯಲ್ಲಿ ಕೇಳಿದ ಸಂಖ್ಯೆ ಎಂದು ತೋರುತ್ತದೆ.

ಭಾಷೆಯಲ್ಲಿ ಮಾತ್ರ ಆತ ಬಹಳ ಎತ್ತರಕ್ಕೆ ಏರಿದ್ದಾನೆ. ಅವನ ರಷ್ಯನ್ ಬರಹದ ನಡುವೆ ತುರ್ಕಿ, ಪಾರಸಿ, ಅರಬ್ಬಿ ಬೆರೆತ ಬಜಾರಿನ ಮಾತು ನುಗ್ಗಿ ಬರುತ್ತದೆ. ಧರ್ಮಗ್ರಂಥಗಳು ಸುಲಿಗೆಯಲ್ಲಿ ಹೋದುದರಿಂದ ಹಬ್ಬ ಉಪವಾಸಗಳ ದಿನ ತಪ್ಪಿಹೋದವೆಂದು ಕೊರಗುತ್ತಾನೆ. ತಾಯ್ನಾಡಿನಂಥ ನಾಡು ಬೇರಿಲ್ಲ, ಆದರೆ ಅಲ್ಲಿನ ಒಡೆಯರಲ್ಲಿ ನ್ಯಾಯವಿಲ್ಲ ಎಂಬ ಅಂತರಂಗದ ಅಳಲನ್ನು ತಾಯ್ನುಡಿಯಲ್ಲಲ್ಲ, ತುರ್ಕಿಯಲ್ಲಿ ಬರೆದಿದ್ದಾನೆ. ಪರಸ್ಥಳದವರಿಗೆ ಅವನು ಬಳಸುವ ಮಾತು 'ಗರೀಬ'. ಬಹಮನಿ ಕಾಲದಲ್ಲಿ ಇರಾನಿನ ಕಡೆಯಿಂದ ಬಂದವರು ಗರೀಬರು, ಈ ನೆಲದಲ್ಲಿ ಬೇರೂರಿದವರು ದಖನಿಗಳು. ಕ್ಯಾಸ್ಪಿಯನ್ ದಡದ ಗಿಲಾನಿನಿಂದ ಬಂದಿದ್ದ ಗವಾನನೂ ಗರೀಬನೇ. ಈ ಎರಡು ಬಣಗಳ ವೈರಕ್ಕೆ ಅವನು 1481ರಲ್ಲಿ ಬಲಿಯಾದ. ಇಂದು ಬೀದರಿನ ಬಜಾರಿನಲ್ಲಿ ಗರೀಬನೆಂದರೆ ಬಡವ. ನಿಕಿತಿನ್ ಎರಡೂ ಅರ್ಥಗಳಲ್ಲಿ ಗರೀಬ.

ಈ ಬೆರಕೆ ಮಾತಿನ ರುಚಿ ಗಡಿನಾಡಿನ ಓದುಗನಿಗೆ ಬೇಗ ಹತ್ತುತ್ತದೆ. ಔರಾದಿನ ಕಡೆಯ ನನ್ನ ವಿದ್ಯಾರ್ಥಿಗಳಲ್ಲಿ ಹಲವರಿಗೆ ಮನೆಯಲ್ಲಿ ಮರಾಠಿ, ತರಗತಿಯಲ್ಲಿ ಕನ್ನಡ, ಸಂತೆಯಲ್ಲಿ ದಖನಿ. ಆದರೆ ಅವರಿಗೂ ಭಾಲ್ಕಿಯ ಗೆಳೆಯರಿಗೂ ಪ್ರಬಂಧ ಬರೆಯಿರೆಂದರೆ ಸಿಗುವ ಉತ್ತರ ಒಂದೇ: "ನಮ್ಮ ಊರಾಗ ಬರಿಯೋವಂಥದ್ದು ಏನದ ಸರ್?" ಈ ಪ್ರಶ್ನೆಯನ್ನು ಅವರಿಗೆ ಕಲಿಸಿದವರು ಯಾರು? ಬೀದರು ಬೆಂಗಳೂರಿಗೆ ಸುಮಾರು 700 ಕಿಲೋಮೀಟರು, ಹೈದರಾಬಾದಿಗೆ 150ಕ್ಕೂ ಕಡಿಮೆ. ದೂರವೆಂಬುದು ಊರಿನ ಗುಣವಲ್ಲ, ಅಳೆಯುವವನು ನಿಂತ ಜಾಗದ ಗುಣ. ಕೋಟೆ, ಮದರಸಾ, ಬಿದ್ರಿಯ ಹೂಜಿ ಇಷ್ಟನ್ನು ಒಂದು ಹಗಲಿನಲ್ಲಿ ನೋಡಿ ಹೋಗಿ ಬರೆದ ಲೇಖನಗಳೇ ಬೀದರನ್ನು ಕನ್ನಡದ ಕಾಕಸಸ್ಸಾಗಿ ಮಾಡಿವೆ.

ನಿಕಿತಿನನ ಜೊತೆಗಾರರು ಸೆರೆಯಾಗಿದ್ದ ಆ ಕೈತಾಗ್ ಇಂದಿನ ದಾಗೆಸ್ತಾನಿನಲ್ಲಿದೆ. ಅದೇ ದಾಗೆಸ್ತಾನಿನ ತ್ಸಾದಾ ಎಂಬ ಪುಟ್ಟ ಬೆಟ್ಟದೂರಿನಲ್ಲಿ 1923ರಲ್ಲಿ ಹುಟ್ಟಿದ ರಸೂಲ್ ಗಂಜಾತೋವ್, ತನ್ನ ಅವಾರ್ ನುಡಿಯಲ್ಲಿ ಬರೆದು, 'ನನ್ನ ದಾಗೆಸ್ತಾನ್' ಎಂಬ ಗದ್ಯಗ್ರಂಥದಿಂದ ಆ ಮೂಲೆಯನ್ನು ಲೋಕದ ಓದುಗರ ಮನೆಗೆ ತಂದ. ಹಾದುಹೋದ ವರ್ತಕನಿಗೆ ಕೆಲವೇ ಸಾಲಿನಲ್ಲಿ ಮುಗಿದ ನಾಡು ಅಲ್ಲಿಯೇ ಹುಟ್ಟಿದವನಿಗೆ ಒಂದು ಗ್ರಂಥವಾಯಿತು. ನಮ್ಮಲ್ಲಿಯೂ ವಿ. ಸೀತಾರಾಮಯ್ಯನವರು ಹಂಪೆಯನ್ನು ಕುರಿತು 'ಪಂಪಾಯಾತ್ರೆ' ಬರೆದು, ಹತ್ತಿರದ ಊರೂ ಪ್ರವಾಸಗ್ರಂಥಕ್ಕೆ ವಸ್ತುವಾಗಬಲ್ಲುದೆಂದು ತೋರಿಸಿದ್ದಾರೆ.

ಬೀದರಿಗೆ ಇಂಥ ಗ್ರಂಥ ಬೇಕು. ಹೊರಗಿನಿಂದ ಬರುವವರು ಕೆಲವು ತಿಂಗಳಾದರೂ ಇಲ್ಲಿದ್ದು, ತಾವು ಯಾರೆಂಬುದನ್ನು ಹೇಳಿಕೊಂಡು ಬರೆಯಲಿ. ಅದಕ್ಕಿಂತ ಮುಖ್ಯವಾಗಿ ಔರಾದಿನ ಹುಡುಗ, ಭಾಲ್ಕಿಯ ಹುಡುಗಿ ಬರೆಯಲಿ. ಒಬ್ಬ ಪರದೇಶಿ ವರ್ತಕ ಇಲ್ಲಿಯ ಕುದುರೆಯ ಮೇವನ್ನೂ ಬರೆದಿಡಬೇಕಾದ ಸಂಗತಿಯೆಂದು ತಿಳಿದ; ಇಲ್ಲಿಯೇ ಹುಟ್ಟಿದವರಿಗೆ ವಸ್ತುವಿನ ಬಡತನವೆಲ್ಲಿಯದು?