ಗ್ರಂಥಋಣ ಬರೆದಿರಿ, ಬಾಯಿಋಣ ಎಲ್ಲಿ?

ನಮ್ಮ ಜಾನಪದ ಸಂಶೋಧನೆಯ ಯಾವುದಾದರೂ ಒಂದು ಪ್ರಬಂಧ ಕೈಗೆ ತಗೊಳ್ಳಿ. ಹಿಂದಿನಿಂದ ತೆಗೆಯಿರಿ. 'ಗ್ರಂಥಋಣ' ಎಂಬ ಪಟ್ಟಿ ಸಿಗುತ್ತದೆ. ಲೇಖಕ, ಪುಸ್ತಕ, ಪ್ರಕಾಶಕ, ವರ್ಷ. ಅಕಾರಾದಿಯಾಗಿ ಸಾಲುಗಟ್ಟಿ ಕೂತಿರುತ್ತಾರೆ, ಮದುವೆ ಮನೆಯ ಮೊದಲ ಪಂಕ್ತಿಯವರ ಹಾಗೆ. ಅದಾದ ಮೇಲೆ 'ಅನುಬಂಧ'. ಅದರೊಳಗೆ 'ವಕ್ತೃಗಳ ವಿವರ': ಹೆಸರು, ವಯಸ್ಸು, ಜಾತಿ, ಊರು, ಕಸುಬು. ಬರೆದವರ ಪಟ್ಟಿಯಲ್ಲಿ ಯಾರ ಜಾತಿಯೂ ಇಲ್ಲ. ಹಾಡಿದವರ ಪಟ್ಟಿಯಲ್ಲಿ ಜಾತಿಗೇ ಒಂದು ಕಲಂ. ಪುಸ್ತಕ ಕೊಟ್ಟವರು ಒಳಗೆ, ಹಾಡು ಕೊಟ್ಟವರು ಚಪ್ಪರದ ಆಚೆ. ಇದನ್ನು ಯಾರೂ ಪಂಕ್ತಿಭೇದ ಅನ್ನುವುದಿಲ್ಲ, 'ಉಲ್ಲೇಖ ಕ್ರಮ' ಅನ್ನುತ್ತಾರೆ.

ನಾನು ಗುಂಡ್ಲುಪೇಟೆ ಕಡೆಯವನು. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಅಡಿಟಿಪ್ಪಣಿ ಅಂದರೇನು ಅಂತ ನಮ್ಮವ್ವನಿಗೆ ಹೇಳಲು ಹೋದಾಗ, "ಯಾರ್ತವ ಸಾಲ ತಂದ ಅಂತ ಬರ್ಯದಾ?" ಅಂದಳು. ಇಷ್ಟು ಸರಿಯಾದ ವ್ಯಾಖ್ಯೆಯನ್ನು ನನಗೆ ಯಾವ ಮೇಷ್ಟ್ರೂ ಕೊಟ್ಟಿರಲಿಲ್ಲ.

ಆ ಸಾಲ ಬರೆಯಲು ಹೋಗಿಯೇ ನಾನು ಸಿಕ್ಕಿಬಿದ್ದದ್ದು. ಚಾಮರಾಜನಗರ ಸೀಮೆಯ ಒಬ್ಬ ನೀಲಗಾರ ತಾತನ ಬಾಯಿಂದ ಸಿದ್ದಪ್ಪಾಜಿಯ ಕಥೆಯನ್ನು ಮೂರು ರಾತ್ರಿ ಕೂತು ಕೇಳಿದೆ. ತಂಬೂರಿ, ಗಗ್ಗರ, ಡಕ್ಕೆ, ಅರ್ಧ ರಾತ್ರಿಯ ಟೀ. ಅದರ ಮೇಲೆ ಲೇಖನ ಬರೆದು ಒಂದು ಸಂಶೋಧನಾ ಪತ್ರಿಕೆಗೆ ಕಳಿಸಿದೆ. ಉಲ್ಲೇಖ ಪಟ್ಟಿಯ ಮೊದಲಲ್ಲೇ ತಾತನ ಹೆಸರು ಹಾಕಿದ್ದೆ. ಲೇಖನ ವಾಪಸು ಬಂತು. ವಿಚಾರದ ಬಗ್ಗೆ ಒಂದು ಮಾತಿಲ್ಲ. "ಲೇಖಕರ ಕೊನೆಹೆಸರು? ವರ್ಷ? ಪ್ರಕಾಶಕರು? ಮೌಖಿಕ ಮಾಹಿತಿಯು ವೈಯಕ್ತಿಕ ಸಂವಹನ, ಅದನ್ನು ಪಟ್ಟಿಯಿಂದ ತೆಗೆಯಿರಿ" ಅಂತ ಇತ್ತು.

ಈ ನಿಯಮ ಅಮೆರಿಕದ ಮನಃಶಾಸ್ತ್ರಜ್ಞರ ಸಂಘದ ಕೈಪಿಡಿಯಿಂದ ಬಂದದ್ದು. ಎಪಿಎ ಅನ್ನುತ್ತಾರೆ, ಅದರ ಏಳನೇ ಆವೃತ್ತಿ 2019ರಲ್ಲಿ ಬಂತು. ಫೋನಿನಲ್ಲಿ ಆಡಿದ ಮಾತು, ಕಾಗದ, ಇ-ಮೇಲು, ಧ್ವನಿಮುದ್ರಣ ಆಗದ ಭಾಷಣ ಇವೆಲ್ಲ 'ವೈಯಕ್ತಿಕ ಸಂವಹನ'. ಲೇಖನದ ಒಳಗೆ ಕಂಸದಲ್ಲಿ ಹೇಳಬಹುದು, ಕೊನೆಯ ಪಟ್ಟಿಯಲ್ಲಿ ಜಾಗವಿಲ್ಲ. ಕಾರಣ, ಓದುಗ ಅದನ್ನು ತಾನೇ ಹುಡುಕಿ ನೋಡಲಾರ. ತರ್ಕ ತಪ್ಪೇನಲ್ಲ. ಆದರೆ ಯಾವ ಓದುಗ? ಪುಷ್ಯದ ಹುಣ್ಣಿಮೆಗೆ ಚಿಕ್ಕಲ್ಲೂರಿಗೆ ಬನ್ನಿ. ಚಂದ್ರಮಂಡಲ ಹೊತ್ತಿಸುವ ರಾತ್ರಿ ಅಲ್ಲಿ ಸೇರುವ ಸಾವಿರಾರು ಜನ ನಮ್ಮ ಕಾವ್ಯವನ್ನು ಹುಡುಕಿ ನೋಡಬಲ್ಲರು, ತಪ್ಪಿದ ಕಡೆ ತಿದ್ದಲೂ ಬಲ್ಲರು. ಊರಿಗೆ ಊರೇ ಎದ್ದು ಕೂತು ಕೇಳಿದ್ದು ಖಾಸಗಿ ಮಾತಂತೆ. ಯಾವುದೋ ಕಪಾಟಿನಲ್ಲಿ ಧೂಳು ತಿನ್ನುವ ಮುನ್ನೂರು ಪ್ರತಿ ಸಾರ್ವಜನಿಕವಂತೆ!

ಸಿದ್ದಪ್ಪಾಜಿ ಹಲಗೂರಿಗೆ ಕಬ್ಬಿಣದ ಭಿಕ್ಷೆಗೆ ಹೋದಾಗ, ಮನೆ ತುಂಬ ಕಬ್ಬಿಣ ಇಟ್ಟುಕೊಂಡು ಇಲ್ಲ ಎಂದರಲ್ಲ ಪಾಂಚಾಳರು, ನನಗೆ ಅದೇ ನೆನಪಾಯಿತು.

ಅದೇ ಕೈಪಿಡಿಯಲ್ಲಿ ಆದಿವಾಸಿ ಜನರ ಮೌಖಿಕ ಜ್ಞಾನಕ್ಕೆ ಒಂದು ಬೇರೆ ದಾರಿ ಇದೆ: ಹೇಳಿದವರ ಪೂರ್ತಿ ಹೆಸರು, ಜನಾಂಗ, ನೆಲೆ ಎಲ್ಲ ಕೊಡಬೇಕು. ಆದರೂ ಪಟ್ಟಿಯಿಂದ ಹೊರಗೇ. ಇದನ್ನು ಒಪ್ಪದೆ ಕೆನಡಾದ ಕ್ರೀ ಜನಾಂಗದ ಗ್ರಂಥಪಾಲಕಿ ಲೊರಿಸಿಯಾ ಮೆಕ್ಲಿಯಡ್, ಹಿರಿಯರ ಮಾತನ್ನು ಪುಸ್ತಕಕ್ಕೆ ಸಮನಾಗಿ ಪಟ್ಟಿಯಲ್ಲೇ ಬರೆಯುವ ಮಾದರಿಗಳನ್ನು ಕಟ್ಟಿ 2021ರಲ್ಲಿ ಪ್ರಕಟಿಸಿದರು. ಹೆಸರು, ಸಮುದಾಯ, ಊರು, ಹೇಳಿದ ವಿಷಯ, ದಿನ. ನನ್ನ ಲೇಖನ ಹಿಂದಕ್ಕೆ ಕಳಿಸಿದವರು ಕೈಪಿಡಿ ತರಿಸಿಕೊಂಡರು, ಅದರ ಮೇಲೆ ನಡೆದ ಜಗಳವನ್ನು ತರಿಸಿಕೊಳ್ಳಲಿಲ್ಲ.

ನಮ್ಮ ನೆಲದಲ್ಲೂ ದಾರಿ ಇಲ್ಲದಿಲ್ಲ. 2001ರಲ್ಲಿ ಸಾಹಿತ್ಯ ಅಕಾದೆಮಿ ಮಲೆ ಮಾದೇಶ್ವರ ಕಾವ್ಯವನ್ನು ಇಂಗ್ಲಿಷಿನಲ್ಲಿ ತಂದಿತು. ಸಂಗ್ರಹಿಸಿದವರು ಕೆ. ಕೇಶವನ್ ಪ್ರಸಾದ್, ಅನುವಾದಿಸಿದವರು ಸಿ. ಎನ್. ರಾಮಚಂದ್ರನ್ ಮತ್ತು ಎಲ್. ಎನ್. ಭಟ್. ಅವರ ಜೊತೆಗೇ, ಇದು ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ್ದು ಎಂದು ಪುಸ್ತಕವೇ ಹೇಳುತ್ತದೆ. ಒಳ್ಳೆಯ ಕೆಲಸ. ಈಗ ಈ ಪುಸ್ತಕವನ್ನು ನಿಮ್ಮ ಪಟ್ಟಿಯಲ್ಲಿ ಯಾವ ಅಕ್ಷರದ ಕೆಳಗೆ ಬರೆಯುತ್ತೀರಿ? 'ಪ'ದಲ್ಲೋ, 'ರ'ದಲ್ಲೋ, 'ಮ'ದಲ್ಲೋ? 'ಮ'ದಲ್ಲಿ ಬರೆಯಲು ಯಾವ ಕೈಪಿಡಿಯೂ ನಿಮ್ಮ ಕೈ ಹಿಡಿದುಕೊಂಡಿಲ್ಲ.

ಹೆಸರಿನದೇ ಇನ್ನೊಂದು ಕಥೆ. ದೇವನೂರ ಮಹಾದೇವ 'ಮಹಾದೇವ, ದೇ.' ಆಗುತ್ತಾರೆ, ಒಂದು ಊರು ಕರಗಿ ಒಂದಕ್ಷರ ಉಳಿಯುತ್ತದೆ. ಸಿದ್ಧಲಿಂಗಯ್ಯನವರಿಗೆ ಕೊನೆಹೆಸರೇ ಇಲ್ಲ, ಇದ್ದದ್ದೊಂದೇ ಹೆಸರು. ಮನೆತನದ ಹೆಸರು ಇದ್ದವರ ಅಳತೆಗೆ ಹೊಲಿದ ಅಂಗಿ ಇದು.

ಕಳ್ಳತನ ಹಿಡಿಯುವ ಯಂತ್ರದ ಕಥೆ ಕೇಳಿ. ಯುಜಿಸಿಯ 2018ರ ಕೃತಿಚೌರ್ಯ ನಿಯಮದಂತೆ ಶೇ. 10ರವರೆಗೆ ಹೋಲಿಕೆ ಇದ್ದರೆ ದಂಡವಿಲ್ಲ, ಶೇ. 60 ದಾಟಿದರೆ ವಿದ್ಯಾರ್ಥಿಯ ನೋಂದಣಿಯೇ ರದ್ದು. ಹೋಲಿಸುವುದು ಯಂತ್ರದ ಗೋದಾಮಿನಲ್ಲಿರುವ ಬರಹದ ಜೊತೆ. ನಮ್ಮ ತಾತ ಆ ಗೋದಾಮಿನಲ್ಲಿಲ್ಲ. ಅವನ ಇಡೀ ರಾತ್ರಿಯ ಹಾಡನ್ನು ಎತ್ತಿ ನನ್ನದೆಂದು ಬರೆದರೂ ಯಂತ್ರ ಸೊನ್ನೆ ತೋರಿಸಿ ನನ್ನನ್ನು ಪ್ರಾಮಾಣಿಕ ಅನ್ನುತ್ತದೆ.

ಹಾಗಂತ ಅಡಿಟಿಪ್ಪಣಿಯೇ ಬೇಡ, ಅದು ಅವರ ಮಡಿ ಅನ್ನುವ ಗೆಳೆಯರೂ ನಮ್ಮಲ್ಲಿದ್ದಾರೆ. ಅವರ ಜೊತೆ ನನಗೆ ಜಗಳವಿದೆ. ಬಾಬಾಸಾಹೇಬರು 1946ರಲ್ಲಿ 'ಶೂದ್ರರು ಯಾರು' ಎಂದು ಕೇಳಿ ಪುಸ್ತಕ ಬರೆದಾಗ ವೇದ, ಪುರಾಣ, ಸ್ಮೃತಿಗಳಿಂದ ಸಾಲು ಸಾಲಾಗಿ ಸಾಕ್ಷಿ ಎಳೆದು ತಂದು ನಿಲ್ಲಿಸಿದರು. ಸಂಸ್ಕೃತ ಬಾರದವನು ಹೇಗೆ ಬರೆದ ಎಂಬ ಮಾತು ಬರುತ್ತದೆಂದು ಮುನ್ನುಡಿಯಲ್ಲೇ ಉತ್ತರ ಇಟ್ಟರು: ಹದಿನೈದು ವರ್ಷ ಇಂಗ್ಲಿಷ್ ಅನುವಾದಗಳಲ್ಲಿ ಓದಿದ್ದೇನೆ, ಅಷ್ಟು ಸಾಕು ಎಂದು. ಎಲ್ಲಿಂದ ತಂದೆ ಎಂದು ಹೇಳಿದವನನ್ನು ಸುಳ್ಳುಗಾರ ಅನ್ನುವುದು ಕಷ್ಟ. ನಮ್ಮಂಥವರಿಗೆ ಅಡಿಟಿಪ್ಪಣಿ ಬೇರೆಯವರಿಗಿಂತ ಹೆಚ್ಚು ಬೇಕು.

ನಮ್ಮ ಮನೆಯ ಹೊಲಸನ್ನೂ ನೋಡೋಣ. ಬಂಡಾಯದ ಕವಿಗೋಷ್ಠಿಗಳಲ್ಲಿ ನೀಲಗಾರರ ಧಾಟಿ, ಕಂಸಾಳೆಯವರ ಪಲ್ಲವಿ ಎತ್ತಿಕೊಂಡು ಎಷ್ಟು ಪದ್ಯ ಓದಿದ್ದೇವೆ? 'ಜನಪದರಿಂದ' ಅಂದುಬಿಟ್ಟರೆ ಮುಗಿಯಿತು. ಜನಪದ ಅನ್ನುವವನು ಯಾವ ಊರಲ್ಲಿದ್ದಾನೆ, ಸ್ವಾಮಿ? ನನ್ನ ಮೊದಲ ಸಂಕಲನದಲ್ಲೂ ಈ ಕಳವು ಇದೆ.

ವಾಪಸು ಬಂದ ಲೇಖನ ಹಿಡಿದು ತಾತನ ಹತ್ತಿರ ಹೋದೆ. ಅವರು ಬೇರೆಯದನ್ನೇ ಹಿಡಿದರು.

"ನನ್ನೊಬ್ನ ಹೆಸ್ರ ಹಾಕ್ಬುಟ್ರ ನಮ್ ಗುರುಗ ಏನ್ ಹೇಳಾನ ಕೂಸು? ಹಿಂದ್ಗಡ ಸೊಲ್ಲು ಹಿಡ್ದವ್ರಿಗ?"

ನಾನು ಬೆಪ್ಪಾದೆ. ಪದ ಎತ್ತುವ ಮುಂಚೆ ನೀಲಗಾರರು ಗುರುವನ್ನು ನೆನೆಯುತ್ತಾರೆ, ಗದ್ದುಗೆಯನ್ನು ನೆನೆಯುತ್ತಾರೆ. ಅದನ್ನು ನಾನು ಬರೀ ಸ್ತುತಿ ಅಂದುಕೊಂಡು ನನ್ನ ಬರಹದಲ್ಲಿ ಬಿಟ್ಟಿದ್ದೆ. ಅದೇ ಅವರ ಗ್ರಂಥಋಣ. ಕೊನೆಯಲ್ಲಲ್ಲ, ಮೊದಲಲ್ಲೇ ತೀರಿಸುತ್ತಾರೆ. ಇಲ್ಲೂ ಅವರ ಹೆಸರು ಹಾಕಲು ಕೇಳಿದೆ. "ಗುರು ಹೆಸ್ರು ಮೊದ್ಲು ಅಚ್ಚಾಗ್ಲಿ, ಆಮ್ಯಾಕ ನಂದು" ಅಂದರು. ಅದಕ್ಕೇ ಇಲ್ಲಿ ಬಿಟ್ಟಿದ್ದೇನೆ.

ಹೊಸದಾಗಿ ಬರೆದೆವು, ಇಬ್ಬರೂ ಕೂತು. ಗುರುವಿನ ಹೆಸರು, ಊರು, ತಾತನ ಹೆಸರು, ಊರು, ಹಿಮ್ಮೇಳದ ಮೂವರು, ಹಲಗೂರಿನ ಸಾಲು, ಹಾಡಿದ ದಿನ. ಜಾತಿಯ ಕಲಂ ಇಲ್ಲ. ಕೊನೆಗೆ ಪುಟ ಸಂಖ್ಯೆ ಎಂಬ ಖಾಲಿ ಜಾಗ ಉಳಿಯಿತು. ಏನು ಬರೆಯಲಿ ತಾತ ಅಂದೆ.

"ಕೋಳಿ ಕೂಗೊ ಹೊತ್ನ ಪದ ಅಂತ ಬರಿ. ನಂತವ ಬಂದವ್ರಿಗ ಅಷ್ಟ್ ಹೇಳುದ್ರ ಸಾಕು, ನಾನ್ ಅಲ್ಲಿಂದ್ಲೇ ಎತ್ಕತೀನಿ."

ಹಾಗೇ ಬರೆದು, ಗುಂಡ್ಲುಪೇಟೆಯ ಒಂದು ಸೈಬರ್ ಸೆಂಟರಿನಲ್ಲಿ ಟೈಪು ಮಾಡಿಸಿ ಕಳಿಸಿದ್ದೇನೆ.