ಮೊದಲು ಮನೆ ನೋಡಿ, ಆಮೇಲೆ ಗದ್ದೆ

ಮಳೆ ಬಿಟ್ಟು ತೋಡುಗಳ ನೀರು ತಿಳಿಯಾಗುವ ಹೊತ್ತಿಗೆ ಈ ಅಂಕಣದ ಓದುಗರು ಕೇಳುವುದು ಒಂದೇ ಪ್ರಶ್ನೆ: ಘಟ್ಟದ ಬುಡದಲ್ಲಿ, ಹೊಳೆಬದಿಯಲ್ಲಿ ಟೆಂಟ್ ಹಾಕಿ ಒಂದು ರಾತ್ರಿ ಕಳೆಯಲು ಒಳ್ಳೆಯ ಜಾಗ ಎಲ್ಲಿದೆ? ನನ್ನ ಉತ್ತರ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತಿದೆ. ಕುಮಾರಧಾರೆಯ ಕಣಿವೆಯಲ್ಲಿ ಜಾಗ ಹುಡುಕಿಕೊಂಡು ಹೋಗಬೇಡಿ, ಮನೆ ಹುಡುಕಿಕೊಂಡು ಹೋಗಿ. ಒಳ್ಳೆಯ ಮನೆ ಸಿಕ್ಕಿದರೆ ಒಳ್ಳೆಯ ಜಾಗವನ್ನು ಆ ಮನೆಯವರೇ ತೋರಿಸುತ್ತಾರೆ.

ನರಿಮೊಗರಿನವರಿಗೆ ಈ ಕಣಿವೆ ದೂರದ್ದಲ್ಲ. ಸರ್ವೆಯಲ್ಲಿ ಗೌರಿಹೊಳೆ ದಾಟಿ, ಸವಣೂರು, ಕಾಣಿಯೂರು, ನಿಂತಿಕಲ್ಲು, ಪಂಜ ಎಂದು ಹೋದರೆ ಘಟ್ಟದ ಸಾಲು ಕಣ್ಣೆದುರಿಗೇ ಬಂದು ನಿಲ್ಲುತ್ತದೆ. 1,712 ಮೀಟರ್ ಎತ್ತರದ ಪುಷ್ಪಗಿರಿಯ, ಅಂದರೆ ಕುಮಾರಪರ್ವತದ, ಮಗ್ಗುಲಲ್ಲಿ ಹುಟ್ಟುವ ಕುಮಾರಧಾರೆ ಸೋಮವಾರಪೇಟೆ ಕಡೆಯ ಮಲ್ಲಳ್ಳಿಯಲ್ಲಿ ಇನ್ನೂರು ಅಡಿಯಷ್ಟು ಕೆಳಗೆ ಧುಮುಕಿ, ಆಮೇಲೆ ದಟ್ಟ ಕಾಡಿನ ಇಕ್ಕಟ್ಟಿನಲ್ಲಿ ಬಂಡೆಯಿಂದ ಬಂಡೆಗೆ ಇಳಿಯುತ್ತಾ ಕುಕ್ಕೆಗೆ ಬರುತ್ತದೆ. ಅಲ್ಲಿಂದ ಮುಂದೆ ಅದು ತೋಟಗಳ ನಡುವಿನ ಹೊಳೆ. ಗುಂಡ್ಯ ಹೊಳೆಯನ್ನೂ ಸೇರಿಸಿಕೊಂಡು ಶಾಂತಿಮೊಗರು ದಾಟಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತದೆ. ಇಷ್ಟು ಕಡಿಮೆ ದೂರದಲ್ಲಿ ಶಿಖರ, ಜಲಪಾತ, ಕಂದರ, ಹೊಯಿಗೆ ದಿಬ್ಬ, ಸಂಗಮ ಎಲ್ಲವನ್ನೂ ತೋರಿಸುವ ಹೊಳೆ ನಮ್ಮ ಜಿಲ್ಲೆಯ ಪಾಲಿಗೆ ಬಂದಿರುವುದು ದೊಡ್ಡ ಭಾಗ್ಯ.

ಮೇಲಿನ ಕಂದರದಲ್ಲಿ ಮಲಗುವ ಆಸೆಯನ್ನು ಮಾತ್ರ ಬಿಟ್ಟುಬಿಡಿ. ಅದು ಪುಷ್ಪಗಿರಿ ವನ್ಯಧಾಮ ಮತ್ತು ಬಿಸಿಲೆಯ ಮೀಸಲು ಅರಣ್ಯ. 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಪುಷ್ಪಗಿರಿಯೂ ಒಂದು. ಶೇಷಪರ್ವತದ ಹುಲ್ಲಿನ ಮೇಲೆ, ಕಲ್ಲುಮಂಟಪದ ಬದಿಯಲ್ಲಿ ಬೆಂಕಿ ಹಾಕಿ ರಾತ್ರಿ ಕಳೆದವರ ಹಳೆಯ ಕಥೆಗಳನ್ನು ಕೇಳಿ ಇಂದು ಯಾರೂ ಹೊರಡಬಾರದು. 2024ರ ಜನವರಿ ಕೊನೆಯ ವಾರಾಂತ್ಯದಲ್ಲಿ ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಜನ ಒಟ್ಟಿಗೇ ಸೇರಿದ್ದನ್ನು ನೀವೂ ವಿಡಿಯೊಗಳಲ್ಲಿ ನೋಡಿರುತ್ತೀರಿ. ಅದರ ನಂತರವೇ ಸರಕಾರ ಚಾರಣಕ್ಕೆ ತಡೆ ಹಾಕಿ, ಆನ್‌ಲೈನ್ ಬುಕಿಂಗ್ ತಂದು, ದಿನಕ್ಕೆ 300 ಮಂದಿಯ ಮಿತಿ ಇಟ್ಟದ್ದು. ನಾನು ಆ ಮಿತಿಯ ಪರ. ಶೋಲೆಯ ಅಂಚಿನ ಹುಲ್ಲು ಅಷ್ಟೊಂದು ಕಾಲುಗಳನ್ನು ತಾಳುವುದಿಲ್ಲ. ರೈಲು ಹಳಿಯ ಗುಂಟ ಎಡಕುಮೇರಿಗೆ ನಡೆಯುವ ಹುಚ್ಚೂ ಬೇಡ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಆ 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ, ನೂರಕ್ಕೂ ಮಿಕ್ಕಿ ಸೇತುವೆಗಳಿವೆ. ಸೇತುವೆಯ ನಡುವೆ ಗಾಡಿ ಎದುರಾದರೆ ಸರಿದು ನಿಲ್ಲಲು ಜಾಗವಿಲ್ಲ. ಅಲ್ಲಿ ನಡೆಯುವುದಕ್ಕೆ ನಿಷೇಧವಿದೆ, ಇರಬೇಕಾದದ್ದೇ. ಶಿರಾಡಿಯ ಕೆಂಪುಹೊಳೆ ನೋಡಲು ಬಹಳ ಚೆಂದ, ಆದರೆ ಹೆದ್ದಾರಿಯ ಲಾರಿಗಳು ರಾತ್ರಿಯಿಡೀ ಗೇರು ಬದಲಿಸುವ ಸದ್ದಿನಲ್ಲಿ ನಿದ್ದೆ ಎಲ್ಲಿಯದು?

ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ನ್ಯೂ ರಿವರ್ ಗಾರ್ಜ್ ಎಂಬ ಕಂದರವಿದೆ, 2020ರ ಕೊನೆಗೆ ಅದು ರಾಷ್ಟ್ರೀಯ ಉದ್ಯಾನವಾಯಿತು. ನದಿಯ ಗುಂಟ ಅಲ್ಲಲ್ಲಿ ಬಿಡಾರಕ್ಕೆಂದೇ ಬಿಟ್ಟ ಸರಕಾರಿ ಜಾಗಗಳಿವೆ, ಮೊದಲು ಬಂದವರು ಟೆಂಟ್ ಹಾಕಬಹುದು. ನಮ್ಮ ರಾಜ್ಯದಲ್ಲೂ ಕಾವೇರಿಯ ಭೀಮೇಶ್ವರಿಯಲ್ಲಿ, ಹೆಬ್ರಿ ಹತ್ತಿರದ ಸೀತಾನದಿಯಲ್ಲಿ ಜಂಗಲ್ ಲಾಡ್ಜಸ್‌ನವರ ಹೊಳೆಬದಿಯ ಕ್ಯಾಂಪುಗಳಿವೆ. ಕಡಬ, ಸುಳ್ಯದ ಕಡೆಯ ನೆಲದ ಲೆಕ್ಕ ಬೇರೆ. ಇಲ್ಲಿ ಕಾಡು ಮುಗಿದಲ್ಲಿಂದಲೇ ಪಟ್ಟಾ ಜಾಗ ಶುರು. ಎರಡರ ನಡುವೆ ಯಾರದೂ ಅಲ್ಲದ ನೆಲ ಇಲ್ಲ. ಖಾಲಿ ಕಾಣುವ ಹೊಳೆಬದಿಗೂ ಒಬ್ಬ ಯಜಮಾನರು ಇರುತ್ತಾರೆ. ಅವರ ಮನೆ ಗುಡ್ಡದ ಮಗ್ಗುಲಲ್ಲಿ, ಅಡಿಕೆ ತೋಟದ ಮೇಲ್ತುದಿಯಲ್ಲಿ, ಅಬ್ಬಿ ನೀರು ಪೈಪಿನಲ್ಲಿ ಬಂದು ಬೀಳುವ ಕಡೆ ಇರುತ್ತದೆ.

ಟೆಂಟಿಗೆ ಇಲ್ಲಿ ಅತ್ಯುತ್ತಮ ನೆಲ ಯಾವುದು ಎಂದರೆ ಹಡೀಲು ಬಿದ್ದ ಗದ್ದೆ. ಬೇಸಾಯಕ್ಕೆ ಜನ ಸಿಗದೆ, ಅಡಿಕೆಯೂ ಇಡದೆ ಉಳಿದ ಗದ್ದೆಗಳು ಪುತ್ತೂರು, ಕಡಬ, ಸುಳ್ಯ ಈ ಮೂರು ತಾಲೂಕುಗಳಲ್ಲಿ ಬೇಕಾದಷ್ಟಿವೆ. ನೋಡುವಾಗ ಸಂಕಟವಾಗುತ್ತದೆ, ನಿಜ. ಆದರೆ ತಲೆಮಾರುಗಳ ಕಾಲ ಹಲಗೆ ಎಳೆದು ಸಮ ಮಾಡಿದ ಆ ನೆಲಕ್ಕಿಂತ ಚೆನ್ನಾಗಿ ಬೆನ್ನಿಗೆ ಒಗ್ಗುವ ಜಾಗವನ್ನು ನಾನು ಎಲ್ಲೂ ನೋಡಿಲ್ಲ. ಅದರಲ್ಲೂ ಬೈಲು, ಮಜಲು, ಬೆಟ್ಟು ಎಂದು ನಮ್ಮ ಹಿರಿಯರು ಮಾಡಿದ ವಿಂಗಡಣೆ ಬಿಡಾರ ಹೂಡುವವರಿಗೂ ಸಲ್ಲುತ್ತದೆ. ಬೈಲುಗದ್ದೆ ಹೊಳೆಗೆ ಹತ್ತಿರ, ನೋಡಲು ಸೊಗಸು, ಆದರೆ ಜನವರಿಯಲ್ಲೂ ಅಡಿಯಿಂದ ಪಸೆ ಏರುತ್ತದೆ, ಬೆಳಗ್ಗೆ ಎದ್ದಾಗ ಹಾಸಿದ್ದೆಲ್ಲ ಒದ್ದೆ. ಬೆಟ್ಟುಗದ್ದೆ ಒಣಗಿರುತ್ತದೆ, ಗಾಳಿಯೂ ಚೆನ್ನ, ಆದರೆ ಮುರಕಲ್ಲಿನ ಹರಳಿಗೆ ಗೂಟ ಇಳಿಯುವುದಿಲ್ಲ, ನೀರು ಹೊತ್ತು ತರಬೇಕು. ನನ್ನ ಆಯ್ಕೆ ಯಾವಾಗಲೂ ಮಜಲುಗದ್ದೆ. ಕೊಯ್ಲಾಗಿ ಒಂದು ತಿಂಗಳು ಕಳೆದದ್ದೋ, ಹಡೀಲು ಬಿದ್ದು ಹಸು ಮೇಯ್ದು ಹುಲ್ಲು ಗಿಡ್ಡವಾದದ್ದೋ ಆದರೆ ಇನ್ನೂ ಒಳ್ಳೆಯದು. ಮೂಡು ಬದಿಯ ಕಟ್ಟಹುಣಿಗೆ ತಾಗಿಸಿ ಟೆಂಟ್ ಹಾಕಿದರೆ ರಾತ್ರಿ ಘಟ್ಟದಿಂದ ಇಳಿದು ಬರುವ ತಣ್ಣನೆ ಗಾಳಿಗೆ ಅದೇ ಅಡ್ಡಗೋಡೆ. ಬೈಹುಲ್ಲಿನ ರಾಶಿಯ ಪಕ್ಕ ಬೇಡ: ಅಲ್ಲಿ ಇಲಿ, ಇಲಿಯ ಹಿಂದೆ ಹಾವು. ತೆಂಗಿನ ಮರದ ಅಡಿ ಬೇಡವೆಂದು ಹೇಳಬೇಕಾಗಿಲ್ಲ. ಅಡಿಕೆ ಮರದ ಅಡಿಯಲ್ಲೂ ಬೇಡ, ಸೋಗೆ ಸಹಿತ ಹಾಳೆ ಕಳಚಿ ಬಿದ್ದರೆ ಟೆಂಟಿನ ಬಟ್ಟೆ ಸೀಳಿಹೋಗುತ್ತದೆ.

ಹೊಳೆ ಎಷ್ಟು ಮೇಲೆ ಬರಬಲ್ಲದು ಎಂಬುದನ್ನು ಹೊಳೆಯೇ ಬರೆದಿಟ್ಟಿರುತ್ತದೆ. ಪಂಜದಿಂದಾಚೆ ಒಂದು ಮನೆಯ ಯಜಮಾನರು ತೋಟದ ಕೆಳಗಿನ ಹೊಳೆಬದಿಗೆ ಕರೆದುಕೊಂಡು ಹೋಗಿ ಇದನ್ನು ನನಗೆ ತೋರಿಸಿದರು. ಹೆಗಲ ಮೇಲೆ ಬೈರಾಸು, ಕೈಯಲ್ಲಿ ಕತ್ತಿ. ಒಂದು ಹೊಳೆದಾಸವಾಳದ ಮರದ ಕವಲಿಗೆ ಕತ್ತಿಯ ಬೆನ್ನು ತಾಗಿಸಿ, "ಇದು ನೋಡಿ, ಈ ಸಲದ್ದು" ಎಂದರು. ಒಣಗಿದ ಓಟೆಯ ಎಲೆ, ಬೇರಿನ ಎಳೆ, ಒಂದು ಹಾಲಿನ ಪ್ಯಾಕೆಟ್ ಎಲ್ಲ ಹೆಣೆದುಕೊಂಡು ಹಕ್ಕಿಗೂಡಿನಂತೆ ಸಿಕ್ಕಿಕೊಂಡಿತ್ತು, ನನ್ನ ತಲೆಗಿಂತ ಎತ್ತರದಲ್ಲಿ. ಅದರ ಮೇಲೆ ಇನ್ನೊಂದು, ಕಪ್ಪಾಗಿ ಪುಡಿಯಾಗುತ್ತಿದ್ದದ್ದು. "ಅದು ಹಳತು. ಅದಕ್ಕಿಂತ ಕೆಳಗೆ ಮಲಗಬಾರದು." ಹೊಳೆಯಲ್ಲಿ ಮೊಣಕಾಲುದ್ದ ನೀರೂ ಇಲ್ಲದ ದಿನ ಅದು. 1923ರ ನೆರೆ, 1974ರ ನೆರೆ ಎಂದು ಉಪ್ಪಿನಂಗಡಿಯ ಹಳಬರು ಇಂದಿಗೂ ಲೆಕ್ಕ ಹೇಳುವುದು ಸುಮ್ಮನೆ ಅಲ್ಲ. 2022ರ ಆಗಸ್ಟ್ ಮೊದಲ ದಿನದ ರಾತ್ರಿ ಹರಿಹರ ಪಲ್ಲತ್ತಡ್ಕ, ಕೊಲ್ಲಮೊಗ್ರು, ಸುಬ್ರಹ್ಮಣ್ಯದಲ್ಲಿ ಸಣ್ಣ ಹೊಳೆಗಳು ಕೆಲವೇ ಗಂಟೆಗಳಲ್ಲಿ ಅಂಗಡಿ, ಮನೆಗಳಿಗೆ ನುಗ್ಗಿದವು. ಗುಡ್ಡ ಜರಿದು ಮಕ್ಕಳ ಜೀವ ಹೋಯಿತು. ಮಳೆಗಾಲದಲ್ಲಿ ಯಾರೂ ಟೆಂಟ್ ಹಾಕುವುದಿಲ್ಲ ಎನ್ನಬಹುದು. ಆದರೆ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಪುಷ್ಪಗಿರಿಯ ನೆತ್ತಿಯಲ್ಲಿ ಸುರಿದರೆ ಕೆಳಗೆ ನಕ್ಷತ್ರ ಕಾಣುತ್ತಿರುವಾಗಲೇ ಹೊಳೆ ಏರಬಹುದು. ತಿಳಿನೀರು ಚಾದ ಬಣ್ಣಕ್ಕೆ ತಿರುಗಿತೋ, ತರಗೆಲೆ ಗುಂಪುಗುಂಪಾಗಿ ತೇಲಿ ಬಂತೋ, ಬಟ್ಟೆಬರೆ ಬಿಟ್ಟು ಮೇಲೆ ಹತ್ತಿ.

ಹೊಯಿಗೆ ದಿಬ್ಬದ ಮೋಹ ಎಲ್ಲರಿಗೂ ಇದೆ. ಬೆಳದಿಂಗಳಲ್ಲಿ ಅದರ ಮೇಲೆ ಕುಳಿತು ಊಟ ಮಾಡಿ, ಮಲಗಲು ಮಾತ್ರ ಮೇಲಿನ ಗದ್ದೆಗೆ ಬನ್ನಿ. ರಾತ್ರಿ ತಣ್ಣನೆಯ ಭಾರದ ಗಾಳಿ ಇಳಿದು ಬಂದು ನಿಲ್ಲುವುದು ಹೊಳೆಯ ಪಾತ್ರದಲ್ಲೇ. ಹದಿನೈದು ಇಪ್ಪತ್ತು ಅಡಿ ಮೇಲಕ್ಕೆ ಬಂದರೆ ಚಳಿಯೂ ಕಮ್ಮಿ, ಇಬ್ಬನಿಯೂ ಕಮ್ಮಿ. ನನಗೆ ಅದಕ್ಕಿಂತ ದೊಡ್ಡದೆನಿಸುವ ಕಾರಣ ಇನ್ನೊಂದು. ನೀರಿನ ಅಂಚಿನಲ್ಲಿ ಮಲಗಿದವರಿಗೆ ಹೊಳೆಯ ಸದ್ದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಕಾಟಿ ನೀರಿಗೆ ಇಳಿಯುವುದು, ಹಂದಿ ಹುಣಿ ಅಗೆಯುವುದು, ಆನೆ ಬೈನೆ ಮರ ಮುರಿಯುವುದು, ಯಾವುದೂ. ಕಿವಿ ತೆರೆದಿರುವ ದೂರದಲ್ಲಿ ಮಲಗುವುದು ಈ ಕಣಿವೆಯಲ್ಲಿ ಅಗತ್ಯ. 2023ರ ಫೆಬ್ರುವರಿಯಲ್ಲಿ ಕಡಬದ ರೆಂಜಿಲಾಡಿಯಲ್ಲಿ ಬೆಳಗಿನ ಹೊತ್ತು ಆನೆಯ ದಾಳಿಗೆ ಇಬ್ಬರು ಬಲಿಯಾದದ್ದನ್ನು ಯಾರೂ ಮರೆತಿಲ್ಲ. ಹಸಿ ಲದ್ದಿ, ಮರದ ತೊಗಟೆಗೆ ಎದೆಮಟ್ಟದಲ್ಲಿ ತಿಕ್ಕಿದ ಕೆಸರು, ಸೀಳಿದ ಬೈನೆ ಕಂಡಲ್ಲಿ ಮತ್ತೊಮ್ಮೆ ಯೋಚಿಸುವುದೂ ಬೇಡ, ಹಿಂದೆ ಬನ್ನಿ. ಹಲಸು ಹಣ್ಣಾಗುವ ತಿಂಗಳುಗಳಲ್ಲಿ ಕಾಡಂಚಿನ ತೋಟಗಳಲ್ಲಿ ಬಿಡಾರವೇ ಬೇಡ.

ಇದನ್ನೆಲ್ಲ ನಿಮಗೆ ಪುಸ್ತಕ ಹೇಳಲಾರದು, ಮೊಬೈಲಿನ ನಕ್ಷೆಯೂ ಹೇಳಲಾರದು. ನಿನ್ನೆ ರಾತ್ರಿ ಆನೆ ಯಾವ ತೋಡಿನಲ್ಲಿ ಇಳಿಯಿತು ಎಂಬುದು ಆ ಮನೆಯವರಿಗೆ ಗೊತ್ತು. ಪುತ್ತೂರಿನಲ್ಲಿ ದಶಕಗಳ ಕಾಲ ಬಾಳಿದ ಶಿವರಾಮ ಕಾರಂತರ 'ಬೆಟ್ಟದ ಜೀವ' ಇದೇ ಘಟ್ಟದ ಬುಡದ ಕಾದಂಬರಿ. ಅದರ ಕಥೆ ಶುರುವಾಗುವುದೇ ಕಾಡಿನಲ್ಲಿ ದಾರಿ ತಪ್ಪಿದ ನಿರೂಪಕ ಗೋಪಾಲಯ್ಯನವರ ಮನೆ ಸೇರುವುದರಿಂದ. ಕುಮಾರಪರ್ವತದ ದಾರಿಯಲ್ಲಿ ಗಿರಿಗದ್ದೆಯ ಭಟ್ಟರ ಮನೆ ಚಾರಣಿಗರಿಗೆಲ್ಲ ಹೆಸರಾದದ್ದೂ ಹೀಗೆಯೇ: ಕಾಡಿನ ನಡುವೆ ಒಂದು ಗದ್ದೆ, ಒಂದು ಮನೆ, ಬಂದವರಿಗೆ ಬಿಸಿ ಅನ್ನ, ಸಾಂಬಾರು. ಈ ಕಣಿವೆಯ ಬಿಡಾರದ ಸಂಪ್ರದಾಯ ಇದು. ಪ್ಲಾಸ್ಟಿಕ್ ಹುಲ್ಲು ಹಾಸಿ, ಬಣ್ಣದ ದೀಪ ಕಟ್ಟಿ 'ರಿವರ್ ಸೈಡ್ ಕ್ಯಾಂಪ್' ಎಂದು ಬೋರ್ಡು ಹಾಕುವುದು ನನಗೆ ಇಷ್ಟವಿಲ್ಲ. ಹೊಳೆಯ ಅಂಚಿಗೇ ಕಾಂಕ್ರೀಟ್ ಮೆಟ್ಟಿಲು ಇಳಿಸುವವರನ್ನು ನೋಡಿದರೆ ಸಿಟ್ಟೇ ಬರುತ್ತದೆ.

ಕೇಳುವ ಕ್ರಮ ಸುಲಭ. ಹಗಲು ಇರುವಾಗಲೇ, ಮೂರೂವರೆ ನಾಲ್ಕರ ಒಳಗೆ ಹೋಗಿ. ಬೈಕನ್ನು ಗೇಟಿನ ಹೊರಗೇ ಬಿಟ್ಟು ಅಂಗಳದ ತುದಿಯಲ್ಲಿ ನಿಂತು ಕರೆಯಿರಿ. ಎಲ್ಲಿಯವರು, ಯಾರ ಮಗ, ಎಂತ ಕೆಲಸ ಎಂದೆಲ್ಲ ಕೇಳುತ್ತಾರೆ, ಬೇಸರಿಸದೆ ಹೇಳಿ. ನರಿಮೊಗರು ಎಂದರೆ ಅವರಿಗೆ ಅಲ್ಲಿ ಒಬ್ಬರಾದರೂ ನೆಂಟರು ಇದ್ದೇ ಇರುತ್ತಾರೆ. ಆಸರಿಗೆ ಬೆಲ್ಲ ನೀರೋ ಪುನರ್ಪುಳಿಯೋ ಬಂತು ಎಂದರೆ ಅರ್ಧ ಒಪ್ಪಿದಂತೆ. "ಕೆಳಗೆ ಬೇಡ ಮಾರಾಯ್ರೆ, ಹಂದಿ ಬರ್ತದೆ. ಮೇಲಿನ ಗದ್ದೆಯಲ್ಲಿ ಹಾಕಿ, ಲೈಟು ಕಂಡರೆ ನಮಗೂ ಧೈರ್ಯ" ಎಂದರೆ ಪೂರ್ತಿ ಒಪ್ಪಿದಂತೆ. ಬೆಂಕಿ ಹಾಕಬಹುದೇ ಎಂದು ಬೇರೆಯಾಗಿಯೇ ಕೇಳಬೇಕು. ಮದ್ಯದ ಬಾಟಲಿ ಇದ್ದರೆ ಆ ಮನೆಗೆ ಹೋಗಲೇಬೇಡಿ.

ಸುಳ್ಯದ ಪಯಸ್ವಿನಿಯ ಕಡೆಯ ಒಲವಿನವರಿಗೂ ಒಂದು ಮಾತು. ಸುಳ್ಯದ ಗಿರೀಶ್ ಭಾರದ್ವಾಜರು ತಮ್ಮ ಮೊದಲ ತೂಗುಸೇತುವೆ ಕಟ್ಟಿದ್ದು 1989ರಲ್ಲಿ, ಇದೇ ಹೊಳೆಗೆ, ಅರಂಬೂರಿನಲ್ಲಿ. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ತೂಗುಸೇತುವೆ ಇರುವಲ್ಲಿ ಹೊಳೆಯಾಚೆ ಮನೆಗಳಿವೆ ಎಂದರ್ಥ, ಕಾರು ಹೋಗದ ಮನೆಗಳು. ಅಂಥ ಆಚೆದಡದ ಗದ್ದೆಗಳಲ್ಲಿ ಸಿಗುವ ಮೌನ ಬೇರೆಡೆ ಸಿಗದು. ತೊಡಿಕಾನದ ಮತ್ಸ್ಯತೀರ್ಥದ ಹತ್ತಿರವಾಗಲಿ, ಕುಕ್ಕೆಯ ಸ್ನಾನಘಟ್ಟದ ಹತ್ತಿರವಾಗಲಿ ಬಿಡಾರ ಬೇಡ. ದೇವರ ಮೀನುಗಳಿರುವ ನೀರಿನ ಮೇಲ್ಭಾಗದಲ್ಲಿ ಸಾಬೂನಿನ ನೊರೆ ಬಿಡುವವರನ್ನು ಕ್ಷಮಿಸಲಾಗದು. 1996ರಲ್ಲಿ ಶಿಶಿಲದ ಕಪಿಲಾ ಹೊಳೆಗೆ ಯಾರೋ ವಿಷ ಹಾಕಿ ಸಾವಿರಾರು ಪೆರುವೋಲು ಮೀನುಗಳು ಸತ್ತವು. ನಮ್ಮ ನೊರೆಯೂ ಸಣ್ಣ ಪ್ರಮಾಣದ ವಿಷವೇ. ಪಾತ್ರೆಗೆ ಬೂದಿ, ತೆಂಗಿನ ನಾರು ಸಾಕು. ತೊಳೆದ ನೀರನ್ನು ಹೊಳೆಗಲ್ಲ, ಗದ್ದೆಯ ಮೂಲೆಗೆ ಚೆಲ್ಲಿ.

ತೋಡುಗಳಿಗೆ ಕಟ್ಟ ಕಟ್ಟುವ ದಿನಗಳಿಂದ ಪತ್ತನಾಜೆಯವರೆಗೆ ಕಾಲ ಇದೆ ಎನ್ನುವವರಿದ್ದಾರೆ. ನನ್ನ ಪ್ರಕಾರ ಡಿಸೆಂಬರ್ ನಡುವಿನಿಂದ ಫೆಬ್ರುವರಿ ಕೊನೆಯವರೆಗೆ, ಅಷ್ಟೇ. ಆಮೇಲೆ ಹೊಳೆಯೂ ಸೊರಗುತ್ತದೆ, ಸೆಕೆಯೂ ಹೆಚ್ಚು, ಉಣ್ಣಿಯ ಕಾಟವೂ ಹೆಚ್ಚು.

ಮನೆಯವರಿಗೆ ಹಣ ಕೊಡಿ. ತೆಗೆದುಕೊಳ್ಳದಿದ್ದರೆ ಒತ್ತಾಯ ಮಾಡಬೇಡಿ, ಮುಂದಿನ ಸಲ ಪುತ್ತೂರಿನಿಂದ ಏನಾದರೂ ಒಯ್ಯಿರಿ. ಮಕ್ಕಳಿರುವ ಮನೆಗೆ ನಾನು ನಮ್ಮೂರ ಕ್ಯಾಂಪ್ಕೊ ಚಾಕಲೇಟು ಒಯ್ಯುತ್ತೇನೆ, ಹಿರಿಯರಿಗೆ ಎರಡು ದಿನದ ಪೇಪರು. ಹೊರಡುವಾಗ ಅವರ ಫೋನ್ ನಂಬರನ್ನು ಕೇಳಿ ಬರೆದುಕೊಳ್ಳಿ, ಆದರೆ ಅವರು ಹೂಂ ಎನ್ನದೆ ಯಾವ ವಾಟ್ಸ್ಆ್ಯಪ್ ಗುಂಪಿಗೂ ಹಾಕಬೇಡಿ, ಗದ್ದೆಯ ಲೊಕೇಶನ್ ಹಂಚಬೇಡಿ. ನಾಲ್ಕು ಜನರನ್ನು ಸಂತೋಷದಿಂದ ಸೇರಿಸಿಕೊಂಡ ಮನೆಯ ಅಂಗಳಕ್ಕೆ ಮರುವಾರವೇ ಮೂರು ಟೆಂಪೋ ಟ್ರಾವೆಲರ್ ಬಂದು ನಿಂತ ಸಂಗತಿ ನನಗೆ ಗೊತ್ತು. ಆ ಮನೆಯವರು ಈಗ ಯಾರಿಗೂ ಗದ್ದೆ ಬಿಡುವುದಿಲ್ಲ. ಈ ಅಂಕಣದಲ್ಲಿ ಹೊಳೆಗಳ, ಊರುಗಳ ಹೆಸರು ಎಷ್ಟು ಬೇಕಾದರೂ ಬರೆಯುತ್ತೇನೆ. ನನಗೆ ಜಾಗ ಕೊಟ್ಟ ಮನೆಗಳ ಹೆಸರು ಬರೆಯುವುದಿಲ್ಲ, ಫೋನ್ ಮಾಡಿ ಕೇಳಿದರೂ ಹೇಳುವುದಿಲ್ಲ.