ಕಾರವಾರದ ಭೂಶಿರವೂ ರವೀಂದ್ರರ ಸಂನ್ಯಾಸಿಯೂ

ಕಾರವಾರದ ಕಡಲತೀರವು ಇಂದು ರವೀಂದ್ರನಾಥ ಠಾಕೂರರ ಹೆಸರನ್ನು ಹೊತ್ತಿರುವುದು. 1883ರಲ್ಲಿ, ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದಾಗ, ಇಪ್ಪತ್ತೆರಡರ ಹರೆಯದ ಕವಿಗಳು ಆ ಊರಿನಲ್ಲಿ ತಂಗಿ ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ರಚಿಸಿದರು. 1884ರಲ್ಲಿ ಅದು ಅಚ್ಚಾಯಿತು. ಆದರೆ ನಾಟಕದಲ್ಲಿ ಕಾರವಾರದ ಹೆಸರನ್ನು ಹುಡುಕಿದರೆ ಸಿಕ್ಕದು. ಹಾಗಾದರೆ ಈ ನೆಲಕ್ಕೂ ಆ ಕೃತಿಗೂ ಸಂಬಂಧವೇನು?

ಸಂಬಂಧವಿರುವುದು ವರ್ಣನೆಯಲ್ಲಲ್ಲ, ಭಾವದಲ್ಲಿ. ಬೆಟ್ಟಗಳ ನಡುವಣ ಕಿರಿಯ ಬಂದರು, ಅದಕ್ಕೆ ಮರೆಯಾಗಿ ಚಾಚಿದ ಭೂಶಿರ, ಅದರಾಚೆ ಕೊನೆಗಾಣದ ಕಡಲು: ಮಿತವು ಅಮಿತಕ್ಕೆ ತೆರೆದುಕೊಂಡ ಈ ನೋಟವೇ ನಾಟಕದ ತತ್ತ್ವವೂ ಆಗಿದೆ. ಜಗದ ಬಂಧವನ್ನು ಹರಿದೆನೆಂದು ಬೀಗಿದ ಸಂನ್ಯಾಸಿಯನ್ನು ಅನಾಥ ಬಾಲಿಕೆಯ ಅಕ್ಕರೆಯು ಮರಳಿ ಕರೆಯುವುದು. ಅವನು ಹಿಂದಿರುಗುವಷ್ಟರಲ್ಲಿ ಅವಳು ಮಡಿದಿರುವಳು. ಅನಂತವು ಸಾಂತದಲ್ಲಿಯೇ ದೊರೆಯುವುದೆಂಬ ಈ ಅರಿವು ತಮ್ಮ ಮುಂದಿನ ಬರಹಕ್ಕೆಲ್ಲ ಪೀಠಿಕೆಯೆಂದು ಕವಿಗಳೇ 1912ರ ‘ಜೀವನಸ್ಮೃತಿ’ಯಲ್ಲಿ ಹೇಳಿಕೊಂಡಿರುವರು.

ಒಂದು ಕೊರತೆಯನ್ನು ಮಾತ್ರ ಹೇಳದಿರಲಾಗದು. ಆ ಗ್ರಂಥದ ಕಾರವಾರದ ಪ್ರಕರಣದಲ್ಲಿ ಕಾಳೀನದಿಯ ಬೆಳುದಿಂಗಳ ದೋಣಿಯಾನವುಂಟು, ಗಾಳಿಮರಗಳ ತೋಪುಂಟು, ರೈತನೊಬ್ಬನ ಗುಡಿಸಿದ ಅಂಗಳವುಂಟು, ರೈತನಿಲ್ಲ. ಬೈತಖೋಲ, ಕೋಡಿಬಾಗ, ಸದಾಶಿವಗಡಗಳ ಜನರ ಮಾತು ಅಲ್ಲಿ ಕೇಳಿಸದು. ಮನುಷ್ಯನನ್ನು ಕಾಣದ ಸಂನ್ಯಾಸಿಯನ್ನು ತಿದ್ದಿದ ಕವಿಗಳಿಗೂ ಇಲ್ಲಿ ನಿಸರ್ಗವೇ ಹಿರಿದಾಯಿತು. ಆದರೂ ಕೆಲಕಾಲದ ಅತಿಥಿಯಿಂದ ಎಲ್ಲವನ್ನೂ ಬೇಡುವುದು ನ್ಯಾಯವಲ್ಲ. ಆ ದೋಣಿಗೆ ಹುಟ್ಟು ಹಾಕಿದವರ ಕಥೆಯನ್ನು ಬರೆಯುವ ಹೊಣೆಯು ಆ ಊರುಗಳ ಲೇಖಕರದು. ತೀರಕ್ಕೆ ಕವಿಯ ಹೆಸರಿಟ್ಟ ಮಾತ್ರಕ್ಕೆ ಅದು ತೀರದು.